ಮನೆಯ ಕಾಗದಪತ್ರ, ಮನೆಯ ಸರ್ವರಿನಲ್ಲೇ

ನಮ್ಮ ಮನೆಯಲ್ಲಿ ಕಾಗದಪತ್ರಕ್ಕೆ ಬರವಿಲ್ಲ. ಹಾಸನದ ಹತ್ತಿರದ ಜಮೀನಿನ ಪಹಣಿ, ಮ್ಯುಟೇಶನ್, ತಾತನ ಕಾಲದ ವಿಭಾಗ ಪತ್ರ, ಮೈಸೂರಿನ ಮನೆಯ ಖಾತಾ, ಇಸಿ, ಕಂದಾಯ ಕಟ್ಟಿದ ರಸೀದಿ, ಅಪ್ಪನ ಪಿಂಚಣಿ ಆದೇಶ, ಅಮ್ಮನ ಆಸ್ಪತ್ರೆ ರಿಪೋರ್ಟು, ಎಲ್ಲರ ಆಧಾರ್ ಮತ್ತು ಪ್ಯಾನ್. ಇವುಗಳ ಸ್ಕ್ಯಾನ್ ಪ್ರತಿಗಳು ಒಬ್ಬೊಬ್ಬರ ಫೋನು, ವಾಟ್ಸಾಪ್, ಇಮೇಲ್, ಯಾವುದೋ ಕ್ಲೌಡ್ ಖಾತೆ ಎಂದು ಚದುರಿ ಹೋಗಿದ್ದವು. ಯಾವುದಾದರೂ ಕಚೇರಿಗೆ ಹೋಗಬೇಕಾದಾಗಲೆಲ್ಲ ಮತ್ತೆ ಎಲ್ಲರಿಗೂ ಫೋನ್ ಮಾಡಬೇಕು, ಮತ್ತೆ ಹುಡುಕಬೇಕು.

ಬೇಕಾಗಿದ್ದು ಸರಳ. ಸರ್ವೆ ನಂಬರ್ ಟೈಪ್ ಮಾಡಿದರೆ ಆ ಜಮೀನಿನ ಕಾಗದಗಳೆಲ್ಲ ಒಟ್ಟಿಗೆ ಸಿಗಬೇಕು. ಕನ್ನಡದಲ್ಲಿ ಹುಡುಕಿದರೂ ಬರಬೇಕು. ಬೆಂಗಳೂರಿನ ತಮ್ಮ, ಪುಣೆಯ ಅಕ್ಕ ಇಬ್ಬರೂ ಅಲ್ಲಿಂದಲೇ ತೆರೆಯುವಂತಿರಬೇಕು. ಜೊತೆಗೆ ಇದೆಲ್ಲ ನಮ್ಮ ಮನೆಯಲ್ಲೇ, ಸದಾ ಆನ್ ಇರುವ ನಮ್ಮದೇ ಕಂಪ್ಯೂಟರಿನಲ್ಲಿ (ಸರ್ವರ್) ಇರಬೇಕು. ಸಹಿ, ಹೆಬ್ಬೆಟ್ಟು, ಆಧಾರ್ ನಂಬರ್, ಬ್ಯಾಂಕ್ ಖಾತೆ ಎಲ್ಲವೂ ಒಂದೇ ಕಡೆ ಸೇರುವ ಕಡತ ಇದು. ಯಾರದೋ ಕಂಪ್ಯೂಟರಿನಲ್ಲಿ ಬಿಚ್ಚಿಟ್ಟ ರೂಪದಲ್ಲಿ ಇದನ್ನು ಇಡಲು ನನಗೆ ಮನಸ್ಸಿರಲಿಲ್ಲ.

ಹುಡುಕಾಟವನ್ನು 'ಆಸಮ್ ಸೆಲ್ಫ್‌ಹೋಸ್ಟೆಡ್' ಎಂಬ ಪಟ್ಟಿಯಿಂದ ಶುರು ಮಾಡಿದೆ. ಸ್ವಂತ ಯಂತ್ರದಲ್ಲಿ ನಡೆಸಬಹುದಾದ ಸ್ವತಂತ್ರ ತಂತ್ರಾಂಶಗಳನ್ನು (ಯಾರು ಬೇಕಾದರೂ ಕೋಡ್ ನೋಡಿ, ಬದಲಿಸಿ ಬಳಸಬಹುದಾದವು) ವಿಷಯವಾರು ಜೋಡಿಸಿಟ್ಟ ದೊಡ್ಡ ಪಟ್ಟಿ ಅದು. ಪ್ರತಿಯೊಂದರ ಮುಂದೆ ಯಾವ ಲೈಸೆನ್ಸ್, ಯಾವ ಭಾಷೆಯಲ್ಲಿ ಬರೆದದ್ದು ಎಂದು ನಮೂದಿಸಿರುತ್ತಾರೆ. ಸ್ವತಂತ್ರವಲ್ಲದವಕ್ಕೆ ಬೇರೆಯೇ ಪುಟ. ಕಡತ ನಿರ್ವಹಣೆಯ ಭಾಗದಲ್ಲಿ ನನಗೆ ಸಿಕ್ಕವು ಮಾಯನ್ ಇಡಿಎಂಎಸ್, ಡಾಕ್‌ಸ್ಪೆಲ್, ಪೇಪರ್‌ಮರ್ಜ್, ಪೇಪರ್‌ಲೆಸ್ ಎನ್‌ಜಿಎಕ್ಸ್. ಮಾಯನ್ ಒಳ್ಳೆಯದೇ, ಆದರೆ ಅದರ ಗಾತ್ರ ಒಂದು ಕಚೇರಿಗೆ ಹೊಂದುವಂಥದ್ದು. ಮನೆಗೆ ಅಷ್ಟು ಬೇಕಿಲ್ಲ.

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಸರ್ವರಿನ ಸುರಕ್ಷತೆ ಎಂದ ಕೂಡಲೇ ಎಲ್ಲರೂ ಬೇಡದ ಸಂಪರ್ಕ ತಡೆಯುವ ಫೈರ್‌ವಾಲ್‌ನಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಸುರಕ್ಷತೆಯ ವಿಷಯದಲ್ಲಿ ತಂತ್ರಾಂಶ ಆರಿಸುವಾಗಲೇ ಮುಕ್ಕಾಲು ಪಾಲು ತೀರ್ಮಾನ ಆಗಿಹೋಗಿರುತ್ತದೆ. ಯಾರು ನೋಡಿಕೊಳ್ಳುತ್ತಿದ್ದಾರೆ, ತೊಂದರೆ ಕಂಡಾಗ ಎಷ್ಟು ಬೇಗ ಸರಿಪಡಿಸುತ್ತಾರೆ, ನಾಳೆ ಅವರು ಕೈಬಿಟ್ಟರೆ ನನ್ನ ಕಡತ ನನಗೆ ಹೇಗೆ ಸಿಗುತ್ತದೆ. ಇವಕ್ಕೆ ಉತ್ತರ ಸಿಗದ ತಂತ್ರಾಂಶಕ್ಕೆ ಎಂಥ ಫೈರ್‌ವಾಲ್ ಹಾಕಿದರೂ ನನಗೆ ನಿದ್ದೆ ಬರುವುದಿಲ್ಲ.

ಕೊನೆಗೆ ಆರಿಸಿದ್ದು ಪೇಪರ್‌ಲೆಸ್ ಎನ್‌ಜಿಎಕ್ಸ್, ಸ್ಕ್ಯಾನ್ ಮಾಡಿದ ಕಾಗದಗಳನ್ನು ಓದಿ ಹುಡುಕಲು ಬರುವಂತೆ ಜೋಡಿಸಿಡುವ ತಂತ್ರಾಂಶ. ಅದರ ಇತಿಹಾಸವೇ ನನಗೆ ಧೈರ್ಯ ಕೊಟ್ಟಿತು. ಮೊದಲು ಡೇನಿಯಲ್ ಕ್ವಿನ್ ಎಂಬವರು 'ಪೇಪರ್‌ಲೆಸ್' ಬರೆದರು. ಅದು ನಿಧಾನವಾದಾಗ ಯೋನಾಸ್ ವಿಂಕ್ಲರ್ ಅದನ್ನು ಮುಂದುವರಿಸಿ 'ಪೇಪರ್‌ಲೆಸ್ ಎನ್‌ಜಿ' ಮಾಡಿದರು. ಅದೂ ನಿಂತಂತಾದಾಗ 2022ರಲ್ಲಿ ಒಂದು ತಂಡವೇ ಸೇರಿ 'ಪೇಪರ್‌ಲೆಸ್ ಎನ್‌ಜಿಎಕ್ಸ್' ಎಂದು ಕೈಗೆತ್ತಿಕೊಂಡಿತು. ಈ ಸಲ ಬೇಕೆಂದೇ ಒಬ್ಬರ ತಲೆಯ ಮೇಲೆ ಭಾರ ಹಾಕದೆ ಹಲವರಿಗೆ ಹಂಚಿದರು. ಲೈಸೆನ್ಸ್ ಜಿಪಿಎಲ್ ಆವೃತ್ತಿ 3, ಸ್ವತಂತ್ರ ತಂತ್ರಾಂಶದ್ದು. ಎರಡು ಸಲ ಕೈ ಬದಲಾದರೂ ಬಳಸುವವರ ಕಡತಗಳು ಮುಂದಿನ ಆವೃತ್ತಿಗೆ ಸಾಗಿ ಬಂದವು. ಸ್ವತಂತ್ರ ಲೈಸೆನ್ಸ್ ನನಗೆ ಮುಖ್ಯವಾಗಿ ಕಾಣುವುದು ಇಂಥ ಹೊತ್ತಿನಲ್ಲಿ. ಬರೆದವರು ದಣಿದರೂ ಕೆಲಸ ಸಾಯುವುದಿಲ್ಲ.

ಇನ್ನೊಂದು ವಿಷಯ ಇಷ್ಟವಾಯಿತು. ಪೇಪರ್‌ಲೆಸ್‌ನವರು ತಮ್ಮ ಮುಖಪುಟದಲ್ಲೇ ಎಚ್ಚರಿಕೆ ಬರೆದಿದ್ದಾರೆ. ಕಡತಗಳನ್ನು ಗೂಢಲಿಪೀಕರಣ (ಕೀಲಿ ಇಲ್ಲದೆ ಓದಲಾಗದಂತೆ ಮಾಡುವುದು) ಇಲ್ಲದೆ ಹಾಗೇ ಇಡುತ್ತೇವೆ, ನಂಬಿಕೆಯಿಲ್ಲದ ಯಂತ್ರದಲ್ಲಿ ಇದನ್ನು ನಡೆಸಬೇಡಿ, ನಿಮ್ಮ ಮನೆಯ ಸರ್ವರಿನಲ್ಲಿ ಬ್ಯಾಕಪ್ ಸಮೇತ ನಡೆಸುವುದೇ ಎಲ್ಲಕ್ಕಿಂತ ಸುರಕ್ಷಿತ ಎಂಬ ಅರ್ಥದ ಮಾತು. ತಮ್ಮ ತಂತ್ರಾಂಶದ ಮಿತಿಯನ್ನು ತಾವೇ ಹೇಳುವವರನ್ನು ನಾನು ಬೇಗ ನಂಬುತ್ತೇನೆ. ಬಾಡಿಗೆ ಸರ್ವರ್ ತೆಗೆದುಕೊಳ್ಳುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ನೇರವಾಗಿ ಮನೆಯ ಕಾಗದ ತುಂಬಿಸಲಿಲ್ಲ. ಮೊದಲು ನನ್ನ ಡೆಸ್ಕ್‌ಟಾಪಿನಲ್ಲಿ ಒಂದು ವರ್ಚುವಲ್ ಮಶೀನ್ (ಕಂಪ್ಯೂಟರಿನೊಳಗೇ ಬೇರೆ ಕಂಪ್ಯೂಟರಿನಂತೆ ನಡೆಯುವಂಥದ್ದು) ಮಾಡಿ, ಹಳೆಯ ಕರೆಂಟ್ ಬಿಲ್ಲು, ಮದುವೆ ಕರೆಯೋಲೆ, ದಿನಪತ್ರಿಕೆಯ ತುಣುಕು ಇಂಥವನ್ನು ಹಾಕಿ ನೋಡಿದೆ. ಅಲ್ಲೇ ಎರಡು ಪರೀಕ್ಷೆ. ಒಂದು, ಇಂಟರ್‌ನೆಟ್ ಕಿತ್ತುಹಾಕಿದರೂ ಕೆಲಸ ಮಾಡುತ್ತದೆಯೇ? ಮಾಡಿತು. ಎರಡು, ಒಳಗೆ ಹಾಕಿದ್ದನ್ನು ಹೊರಗೆ ತೆಗೆಯಬಹುದೇ? ಅದಕ್ಕೆಂದೇ 'ಡಾಕ್ಯುಮೆಂಟ್ ಎಕ್ಸ್‌ಪೋರ್ಟರ್' ಎಂಬ ಆಜ್ಞೆ ಇದೆ. ಎಲ್ಲ ಪಿಡಿಎಫ್‌ಗಳನ್ನೂ, ಅವುಗಳ ಹೆಸರು, ದಿನಾಂಕ, ಟ್ಯಾಗ್‌ಗಳ ವಿವರ ಇರುವ ಒಂದು ಫೈಲನ್ನೂ ಒಂದು ಫೋಲ್ಡರಿಗೆ ಸುರಿಯುತ್ತದೆ. ಅದಕ್ಕಿಂತ ನನಗೆ ಹಿಡಿಸಿದ್ದು ಫೈಲುಗಳ ಹೆಸರಿನ ಕ್ರಮವನ್ನು ನಾವೇ ಹೇಳಬಹುದು ಎಂಬುದು. ವರ್ಷ, ಕಳುಹಿಸಿದವರು, ಶೀರ್ಷಿಕೆ ಎಂದು ಜೋಡಿಸಲು ಹೇಳಿದೆ. ಈಗ ಪೇಪರ್‌ಲೆಸ್ ಇಲ್ಲದೆಯೂ ಡಿಸ್ಕ್ ತೆರೆದರೆ ಸಾಮಾನ್ಯ ಫೋಲ್ಡರುಗಳಲ್ಲಿ ಸಾಮಾನ್ಯ ಪಿಡಿಎಫ್‌ಗಳು ಕಾಣುತ್ತವೆ. ನಾವು ಕೊಟ್ಟ ಮೂಲ ಪ್ರತಿಯನ್ನು ಅದು ಮುಟ್ಟುವುದಿಲ್ಲ. ಹುಡುಕಲು ಬರುವ ಪ್ರತಿಯನ್ನು ಪಿಡಿಎಫ್‌-ಎ ಎಂಬ, ದೀರ್ಘಕಾಲ ಕಾಪಿಡಲು ಮಾಡಿದ ರೂಪದಲ್ಲಿ ಪಕ್ಕದಲ್ಲಿ ಬೇರೆಯಾಗಿ ಇಡುತ್ತದೆ.

ಯಂತ್ರಕ್ಕೆ ಹಳೆಯ ಲ್ಯಾಪ್‌ಟಾಪನ್ನೇ ಆರಿಸಿದೆ. ಎಂಟು ಜಿಬಿ ರ‍್ಯಾಮ್, ಹೊಸ ಎಸ್‌ಎಸ್‌ಡಿ. ಬ್ಯಾಟರಿ ಇರುವುದರಿಂದ ಕರೆಂಟ್ ಹೋದಾಗ ಅದೇ ಯುಪಿಎಸ್. ಬ್ಯಾಟರಿ ಯಾವಾಗಲೂ ತುಂಬಿಕೊಂಡೇ ಇದ್ದರೆ ಉಬ್ಬುವ ಅಪಾಯ ಇರುತ್ತದೆ, ಹಾಗಾಗಿ ಚಾರ್ಜ್ 80 ಶೇಕಡಾಕ್ಕೆ ನಿಲ್ಲುವಂತೆ ಹೊಂದಿಸಿದೆ. ಸುಮ್ನೆ ಕೂತಾಗ ಹತ್ತು ವ್ಯಾಟ್ ಎಂದಿಟ್ಟುಕೊಂಡರೆ ತಿಂಗಳಿಗೆ ಸುಮಾರು 7 ಯೂನಿಟ್. ಮನೆಯಲ್ಲಿ ಯಾರೂ ತಕರಾರು ಮಾಡಲಿಲ್ಲ.

ಕಾರ್ಯಾಚರಣಾ ವ್ಯವಸ್ಥೆಗೆ ಡೆಬಿಯನ್ 13, ಲಿನಕ್ಸಿನ ಒಂದು ಬಗೆ. ಇದು 2025ರ ಆಗಸ್ಟಿನಲ್ಲಿ ಬಂದದ್ದು. ದೀರ್ಘಾವಧಿ ಬೆಂಬಲವೂ ಸೇರಿದರೆ ಒಂದು ಆವೃತ್ತಿಗೆ ಐದು ವರ್ಷ ಸುರಕ್ಷತಾ ಅಪ್‌ಡೇಟ್ ಸಿಗುತ್ತದೆ. ಹೊಸತು ತಕ್ಷಣ ಬರಬೇಕು ಎನ್ನುವವರಿಗೆ ಡೆಬಿಯನ್ನಿನ ಸ್ಟೇಬಲ್ (ಪರೀಕ್ಷೆ ಮುಗಿಸಿ ಬಿಡುವ ಶಾಖೆ) ನಿಧಾನ ಅನಿಸಬಹುದು. ಆ ನಿಧಾನವೇ ನನಗೆ ಬೇಕಿತ್ತು. 2024ರ ಮಾರ್ಚಿನಲ್ಲಿ ಎಕ್ಸ್‌ಝಡ್ ಎಂಬ, ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಣ್ಣ ಲೈಬ್ರರಿಯೊಳಗೆ ಯಾರೋ ಹಿಂಬಾಗಿಲು ತೂರಿಸಿದ್ದು ಬೆಳಕಿಗೆ ಬಂತು. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್, ದೂರದಿಂದ ಯಂತ್ರದೊಳಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ಜಾಸ್ತಿ ತೆಗೆದುಕೊಳ್ಳುತ್ತಿದೆ ಎಂದು ಬೆನ್ನು ಹತ್ತಿ ಅದನ್ನು ಹಿಡಿದರು. ಆ ಆವೃತ್ತಿಗಳು ಡೆಬಿಯನ್ನಿನ ಪರೀಕ್ಷಾ ಶಾಖೆಗಳಿಗೆ ಬಂದಿದ್ದವು. ಸ್ಟೇಬಲ್‌ಗೆ ಬಂದಿರಲಿಲ್ಲ.

ಇನ್‌ಸ್ಟಾಲ್ ಮಾಡುವಾಗಲೇ ಇಡೀ ಡಿಸ್ಕನ್ನು ಲಿನಕ್ಸಿನ ಲಕ್ಸ್ ಎಂಬ ಸೌಲಭ್ಯದ ಮೂಲಕ ಗೂಢಲಿಪಿಗೆ ಹಾಕಿದೆ. ಪೇಪರ್‌ಲೆಸ್ ತಾನು ಗೂಢಲಿಪೀಕರಣ ಮಾಡುವುದಿಲ್ಲವಲ್ಲ, ಆ ಕೆಲಸ ಡಿಸ್ಕ್ ಮಟ್ಟದಲ್ಲಿ ಆಗಲಿ ಎಂದು. ಮನೆಗೆ ಕಳ್ಳ ಬಂದು ಲ್ಯಾಪ್‌ಟಾಪ್ ಹೊತ್ತೊಯ್ದರೂ ಒಳಗಿನದನ್ನು ಓದಲಾರ. ಇದಕ್ಕೆ ಒಂದು ಬೆಲೆ ಇದೆ. ಯಂತ್ರ ಪೂರ್ತಿ ಆಫ್ ಆಗಿ ಮತ್ತೆ ಶುರುವಾದರೆ ಯಾರಾದರೂ ಮುಂದೆ ಕೂತು ಪಾಸ್‌ಫ್ರೇಸ್ ಟೈಪ್ ಮಾಡಬೇಕು. ದೂರದಿಂದ ತೆರೆಯುವ ಉಪಾಯಗಳೂ ಇವೆ, ನಾನು ಹಾಕಿಲ್ಲ. ಅಮ್ಮನಿಗೆ ಕಲಿಸಿದ್ದೇನೆ, ಅದೇ ಸಾಕು.

ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಲಾಗಿನ್ ಬಂದ್, ಎಲ್ಲ ಅಧಿಕಾರ ಇರುವ ರೂಟ್ ಖಾತೆಯ ಲಾಗಿನ್ ಬಂದ್, ಕೀಲಿ ಇದ್ದವರಿಗೆ ಮಾತ್ರ ಪ್ರವೇಶ. ಸುರಕ್ಷತಾ ಅಪ್‌ಡೇಟ್‌ಗಳು ತಾವಾಗಿಯೇ ಬಂದು ಕೂರುವಂತೆ ಮಾಡಿದೆ. ಇದೆಲ್ಲ ಎಲ್ಲ ಕಡೆ ಬರೆದಿರುವಂಥದ್ದೇ, ಹೆಚ್ಚು ಹೇಳಬೇಕಿಲ್ಲ.

ಡಾಕರ್ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ತಂತ್ರಾಂಶವನ್ನು ಅದಕ್ಕೆ ಬೇಕಾದುದೆಲ್ಲದರ ಜೊತೆ ಒಂದು ಡಬ್ಬಿಯಲ್ಲಿ (ಕಂಟೇನರ್) ನಡೆಸುವ ಸಾಧನ ಅದು. ಆ ಡಬ್ಬಿಯ ಸಿದ್ಧ ಅಚ್ಚು ಇಮೇಜ್, ಯಾವ ಡಬ್ಬಿ ಹೇಗೆ ಓಡಬೇಕು ಎಂದು ಬರೆದಿಡುವುದು ಕಂಪೋಸ್ ಫೈಲು. ಪೇಪರ್‌ಲೆಸ್ ಹಾಕಲು ಸುಲಭ ದಾರಿ ಡಾಕರ್ ಕಂಪೋಸ್. ಅಧಿಕೃತ ಇಮೇಜನ್ನೇ ತೆಗೆದುಕೊಂಡೆ. ಅದೇ ಹೆಸರಿನಲ್ಲಿ ಬೇರೆಯವರು ಕಟ್ಟಿಟ್ಟ ಇಮೇಜುಗಳೂ ಸಿಗುತ್ತವೆ, ಅವುಗಳ ಹತ್ತಿರ ಹೋಗಲಿಲ್ಲ. ಕಂಪೋಸ್ ಫೈಲಿನ ಮಾದರಿಗಳು ಹಲವು ಇವೆ. ಅತಿ ಚಿಕ್ಕದನ್ನು ಆರಿಸಿದೆ: ಪೇಪರ್‌ಲೆಸ್, ಸರದಿ ನೋಡಿಕೊಳ್ಳಲು ರೆಡಿಸ್ ಬಗೆಯ ಒಂದು ಸೇವೆ, ಡೇಟಾಬೇಸ್‌ಗೆ ಎಸ್‌ಕ್ಯೂಲೈಟ್. ಇಡೀ ಊರಿನ ಕಡತ ಇಡುವವರಿಗೆ ಪೋಸ್ಟ್‌ಗ್ರೆಸ್ ಬೇಕಾಗಬಹುದು, ಒಂದು ಮನೆಗೆ ಎಸ್‌ಕ್ಯೂಲೈಟ್ ಧಾರಾಳ. ಆಫೀಸ್ ಫೈಲುಗಳನ್ನು ಓದಲು ಟೀಕಾ, ಗೋಟೆನ್‌ಬರ್ಗ್ ಎಂಬ ಇನ್ನೆರಡು ಸೇವೆ ಸೇರಿಸಬಹುದು. ನಮ್ಮ ಕಾಗದಗಳೆಲ್ಲ ಪಿಡಿಎಫ್ ಮತ್ತು ಚಿತ್ರಗಳು. ಅವೆರಡನ್ನೂ ಬಿಟ್ಟೆ. ಹಾಕದ ಸೇವೆಯಲ್ಲಿ ತೂತು ಬೀಳುವುದಿಲ್ಲ, ಅದನ್ನು ಅಪ್‌ಡೇಟ್ ಮಾಡುವ ಕೆಲಸವೂ ಇರುವುದಿಲ್ಲ.

ಇಲ್ಲಿ ಗೊತ್ತಿರಲೇಬೇಕಾದ ಒಂದು ಸಂಗತಿ ಇದೆ. ಉಬುಂಟು, ಡೆಬಿಯನ್ ಬಳಸುವ ತುಂಬಾ ಜನ ಯುಎಫ್‌ಡಬ್ಲ್ಯು ಎಂಬ ಸರಳ ಫೈರ್‌ವಾಲ್ ಹಾಕಿ ಎಲ್ಲ ಪೋರ್ಟ್ (ಸಂಪರ್ಕ ಒಳಬರುವ ಬಾಗಿಲು) ಬಂದ್ ಎಂದು ನಿಶ್ಚಿಂತೆಯಿಂದ ಇರುತ್ತಾರೆ. ಆದರೆ ಡಾಕರ್ ತನ್ನ ಪೋರ್ಟ್ ತೆರೆಯುವ ನಿಯಮಗಳನ್ನು ನೇರವಾಗಿ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ಗೇ ಬರೆಯುತ್ತದೆ. ಆ ಸಂಚಾರ ಯುಎಫ್‌ಡಬ್ಲ್ಯುವಿನ ನಿಯಮಗಳ ತನಕ ಬರುವುದೇ ಇಲ್ಲ. ಮುಂಬಾಗಿಲಿಗೆ ಚಿಲಕ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ಡಾಕರ್‌ನವರ ದಾಖಲೆಯಲ್ಲೇ ಇದು ಬರೆದಿದೆ. ಓದಿದ್ದು ಸಾಲದು, ಕಣ್ಣಾರೆ ನೋಡೋಣ ಎಂದು ಪರೀಕ್ಷಾ ಯಂತ್ರದಲ್ಲಿ ಎಲ್ಲ ಪೋರ್ಟ್ ಬಂದ್ ಮಾಡಿ, 8000ನೇ ಪೋರ್ಟಿನಲ್ಲಿ ಕಂಟೇನರ್ ಶುರು ಮಾಡಿದೆ. ಪಕ್ಕದ ಲ್ಯಾಪ್‌ಟಾಪಿನಲ್ಲಿ ಲಾಗಿನ್ ಪುಟ ಸಲೀಸಾಗಿ ತೆರೆದುಕೊಂಡಿತು.

ಪರಿಹಾರ ಸುಲಭ. ಕಂಪೋಸ್ ಫೈಲಿನಲ್ಲಿ ಪೋರ್ಟ್ ನಂಬರಿನ ಮುಂದೆ 127.0.0.1 ಎಂದು ಸೇರಿಸಿದರೆ ಆ ಯಂತ್ರದ ಒಳಗಿನಿಂದ ಮಾತ್ರ ಅದು ಕಾಣುತ್ತದೆ. ಹೊರಗಿನವರಿಗೆ ಎದುರಾಗುವ ಕೆಲಸ ಕ್ಯಾಡಿ ಎಂಬ ವೆಬ್ ಸರ್ವರಿಗೆ ಕೊಟ್ಟೆ. ಅದು ಡಾಕರ್ ಹೊರಗೆ, ನೇರವಾಗಿ ಡೆಬಿಯನ್ ಮೇಲೆ ಇದೆ, ಹಾಗಾಗಿ ಯುಎಫ್‌ಡಬ್ಲ್ಯು ಮಾತು ಕೇಳುತ್ತದೆ. ಮತ್ತೊಂದು ಮಾತು. ಡಾಕರ್ ಗುಂಪಿಗೆ ಸೇರಿಸಿದ ಯಾವ ಬಳಕೆದಾರನೂ ರೂಟ್‌ಗೆ ಸಮ. ಆದ್ದರಿಂದ ಆ ಗುಂಪಿಗೆ ಯಾರನ್ನೂ ಸೇರಿಸಿಲ್ಲ.

ಪೇಪರ್‌ಲೆಸ್‌ನ ಒಳಗಿನ ಗುಪ್ತ ಕೀಲಿಗೆ ಉದ್ದದ ಹೊಸ ಮೌಲ್ಯ ಕೊಟ್ಟೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆ, ಪಾಸ್‌ವರ್ಡ್ ಜೊತೆಗೆ ಎರಡನೇ ಹಂತದ ಕೋಡ್. ಅಡ್ಮಿನ್ ಖಾತೆಯನ್ನು ದಿನಬಳಕೆಗೆ ಬಳಸುವುದಿಲ್ಲ. ಯಾವ ಕಡತ ಯಾರು ನೋಡಬಹುದು ಎಂದು ಹೇಳುವ ಸೌಲಭ್ಯವೂ ಇದೆ. ಅಮ್ಮನ ಆಸ್ಪತ್ರೆ ರಿಪೋರ್ಟುಗಳನ್ನು ಯಾರು ನೋಡಬೇಕು ಎಂದು ಅಮ್ಮನೇ ತೀರ್ಮಾನಿಸಿದರು.

ಇನ್ನು ಕನ್ನಡದ ವಿಷಯ. ಪೇಪರ್‌ಲೆಸ್ ಒಳಗೆ ಅಕ್ಷರ ಗುರುತಿಸುವ ಕೆಲಸ ಟೆಸರಾಕ್ಟ್‌ನದು. ಎಚ್‌ಪಿ ಕಂಪನಿಯಲ್ಲಿ 1980ರ ದಶಕದಲ್ಲಿ ಹುಟ್ಟಿ, 2005ರಲ್ಲಿ ಮುಕ್ತವಾದ ತಂತ್ರಾಂಶ ಅದು. ಅದಕ್ಕೆ ಕನ್ನಡ ಬರುತ್ತದೆ. ಆದರೆ ಪೇಪರ್‌ಲೆಸ್ ಇಮೇಜಿನೊಳಗೆ ಮೊದಲೇ ಇರುವುದು ಇಂಗ್ಲಿಷ್, ಜರ್ಮನ್‌ನಂಥ ಕೆಲವು ಭಾಷೆಗಳಷ್ಟೇ. ಕನ್ನಡ ಬೇಕೆಂದು ನಾವೇ ಎರಡು ಕಡೆ ಹೇಳಬೇಕು: ಯಾವ ಭಾಷೆಯ ಕಡತ ತಂದುಕೊಳ್ಳಬೇಕು ಎಂದು ಒಂದು ಕಡೆ, ಓದುವಾಗ ಯಾವ ಭಾಷೆ ಬಳಸಬೇಕು ಎಂದು ಇನ್ನೊಂದು ಕಡೆ. ಎರಡನೆಯದರಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಸೇರಿಸಿದೆ. ನಮ್ಮ ಕಾಗದಗಳಲ್ಲಿ ಎರಡೂ ಬೆರೆತೇ ಇರುತ್ತವಲ್ವಾ.

ಫಲಿತಾಂಶ ಕಾಗದದಿಂದ ಕಾಗದಕ್ಕೆ ಬೇರೆ. ಅಚ್ಚುಕಟ್ಟಾಗಿ ಮುದ್ರಿಸಿ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದ ಪತ್ರವನ್ನು ಚೆನ್ನಾಗಿಯೇ ಓದುತ್ತದೆ. ಒತ್ತಕ್ಷರಗಳಲ್ಲಿ ಆಗಾಗ ಎಡವುತ್ತದೆ. ಕನ್ನಡ ಅಂಕಿಯ ಸೊನ್ನೆಗೂ ಅನುಸ್ವಾರಕ್ಕೂ ಗೊಂದಲ ಮಾಡಿಕೊಳ್ಳುತ್ತದೆ. ಎರಡೂ ಬರಿಯ ಸೊನ್ನೆಯಂತೆಯೇ ಕಾಣುವಾಗ ಅದು ಸಹಜವೇ. ಛಾಪಾ ಕಾಗದದ ಹಿನ್ನೆಲೆಯ ಚಿತ್ತಾರ, ಅಕ್ಷರದ ಮೇಲೇ ಕೂತ ಸೀಲು ಇದ್ದರೆ ಆ ಸಾಲು ಕೆಟ್ಟಿತೆಂದೇ ಲೆಕ್ಕ. ತಾತನ ಕಾಲದ ಕೈಬರಹದ ವಿಭಾಗ ಪತ್ರವನ್ನಂತೂ ಅದು ಓದಲಾರದು. ಅಂಥವಕ್ಕೆ ಅಪ್ಪನ ಜೊತೆ ಕೂತು ಸರ್ವೆ ನಂಬರು, ಚಕ್ಕುಬಂದಿ, ಹೆಸರುಗಳನ್ನು ಟಿಪ್ಪಣಿಯಲ್ಲಿ ಟೈಪ್ ಮಾಡಿದೆ. ಚಕ್ಕುಬಂದಿಯಲ್ಲಿ ಬರೆದಿರುವ ಅಕ್ಕಪಕ್ಕದ ಜಮೀನಿನವರಲ್ಲಿ ಈಗ ಯಾರೂ ಇಲ್ಲ, ಅವರ ಮಕ್ಕಳ ಹೆಸರು ಅಪ್ಪನಿಗೆ ಗೊತ್ತು. ಅದನ್ನೂ ಟಿಪ್ಪಣಿಗೆ ಸೇರಿಸಿದೆ. ಯಾವ ತಂತ್ರಾಂಶವೂ ಮಾಡಿಕೊಡದ ಕೆಲಸ ಇದು. ಇಡೀ ಪ್ರಯತ್ನದಲ್ಲಿ ನನಗೆ ತುಂಬಾ ಬೆಲೆಬಾಳುವುದಾಗಿ ಕಂಡದ್ದೂ ಇದೇ.

ಮತ್ತೊಂದು ತೊಡಕು ನಮ್ಮ ಕನ್ನಡದ್ದೇ. ಕೆಲವು ಪಿಡಿಎಫ್‌ಗಳು ಕಣ್ಣಿಗೆ ಅಚ್ಚ ಕನ್ನಡ. ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಯುನಿಕೋಡ್‌ಗಿಂತ ಮುಂಚಿನ ಕ್ರಮದ ನುಡಿ ಫಾಂಟುಗಳಲ್ಲಿ ತಯಾರಾದ ಕಡತಗಳು ಇವು. ಒಳಗೆ ಇರುವುದು ಬೇರೆ ಸಂಕೇತ, ಫಾಂಟ್ ಅದಕ್ಕೆ ಕನ್ನಡದ ಆಕಾರ ಕೊಡುತ್ತದೆ. ಪೇಪರ್‌ಲೆಸ್ ಇಂಥ ಪಿಡಿಎಫ್ ನೋಡಿದಾಗ 'ಇದರಲ್ಲಿ ಆಗಲೇ ಪಠ್ಯ ಇದೆ, ಮತ್ತೆ ಓದುವುದು ಬೇಡ' ಎಂದು ಮುಂದೆ ಹೋಗುತ್ತದೆ. ಅದರ ಸಹಜ ನಡವಳಿಕೆ ಹಾಗೆ. ಪರಿಣಾಮ, ಆ ಕಡತ ಕನ್ನಡದಲ್ಲಿ ಹುಡುಕಿದರೆ ಎಂದೂ ಸಿಗುವುದಿಲ್ಲ. ಇದಕ್ಕೆ ಒಸಿಆರ್ (ಅಕ್ಷರ ಗುರುತಿಸುವ) ವಿಧಾನವನ್ನು 'ಫೋರ್ಸ್' ಎಂದು ಬದಲಿಸಬೇಕು. ಆಗ ಪುಟವನ್ನು ಚಿತ್ರವಾಗಿಸಿ, ಇರುವ ಪಠ್ಯ ತೆಗೆದುಹಾಕಿ ಹೊಸದಾಗಿ ಓದುತ್ತದೆ. ಎಲ್ಲ ಕಡತಕ್ಕೂ ಇದನ್ನೇ ಬಳಸಿದರೆ ಒಳ್ಳೆಯ ಯುನಿಕೋಡ್ ಪಠ್ಯ ಇರುವ ಪಿಡಿಎಫ್‌ಗಳೂ ಹಾಳಾಗುತ್ತವೆ, ಗಾತ್ರವೂ ಹಿಗ್ಗುತ್ತದೆ. ನಾನು ನುಡಿ ಕಡತಗಳನ್ನು ಬೇರೆ ಮಾಡಿ, ಅವನ್ನು ಹಾಕುವಾಗ ಮಾತ್ರ ಆ ವಿಧಾನ ಬಳಸಿ, ಮುಗಿದ ಮೇಲೆ ಮೊದಲಿನಂತೆ ಇಟ್ಟೆ. ಕರ್ನಾಟಕದ ಸರ್ಕಾರಿ ಕಾಗದ ಇಟ್ಟುಕೊಳ್ಳುವ ಯಾರಿಗಾದರೂ ಈ ತೊಡಕು ಎದುರಾಗಿಯೇ ತೀರುತ್ತದೆ.

ಈಗ ಹೊರಗಿನಿಂದ ಪ್ರವೇಶ. ಮೊದಲ ನಿಯಮ, ಪೇಪರ್‌ಲೆಸ್‌ನ ಲಾಗಿನ್ ಪುಟ ಇಂಟರ್‌ನೆಟ್ಟಿಗೆ ಕಾಣಬಾರದು. ಪಾಸ್‌ವರ್ಡ್ ಗಟ್ಟಿ ಇದ್ದರೆ ಸಾಕಲ್ವಾ ಎಂದು ತಮ್ಮ ಕೇಳಿದ. ಸಾಲದು. 2023ರ ನವೆಂಬರಿನಲ್ಲಿ ಸ್ವಂತ ಸರ್ವರಿನಲ್ಲಿ ಫೈಲು ಇಡುವ ಓನ್‌ಕ್ಲೌಡ್ ತಂತ್ರಾಂಶದ ಒಂದು ಆ್ಯಪ್‌ನಲ್ಲಿ ದೋಷ ಹೊರಬಿತ್ತು. ಒಂದು ವಿಳಾಸ ತೆರೆದರೆ ಸರ್ವರಿನ ಒಳವಿವರಗಳೆಲ್ಲ ಕಾಣುತ್ತಿದ್ದವು. ಕಂಟೇನರಿನಲ್ಲಿ ನಡೆಸುತ್ತಿದ್ದವರ ಅಡ್ಮಿನ್ ಪಾಸ್‌ವರ್ಡೂ ಅದರಲ್ಲಿ ಸೇರಿತ್ತು. ಅದಕ್ಕೆ ಕೊಟ್ಟ ಅಪಾಯದ ಅಂಕ ಹತ್ತಕ್ಕೆ ಹತ್ತು. ಅಲ್ಲಿ ಪಾಸ್‌ವರ್ಡ್ ಎಷ್ಟು ಉದ್ದ ಇದ್ದರೂ ಪ್ರಯೋಜನವಿರಲಿಲ್ಲ. ಶೋಡಾನ್‌ನಂಥ ಹುಡುಕು ಯಂತ್ರಗಳು 2009ರಿಂದಲೂ ತೆರೆದ ಪೋರ್ಟುಗಳ ಪಟ್ಟಿ ಮಾಡುತ್ತಿವೆ. ದೋಷ ಹೊರಬಿದ್ದ ದಿನ ಯಾರ ಯಾರ ಬಳಿ ಆ ತಂತ್ರಾಂಶ ಇದೆ ಎಂದು ಹುಡುಕಲು ಹೆಚ್ಚು ಹೊತ್ತು ಬೇಕಿಲ್ಲ.

ಹಾಗಾಗಿ ವೈರ್‌ಗಾರ್ಡ್. ಜೇಸನ್ ಡೊನೆನ್‌ಫೆಲ್ಡ್ ಬರೆದ ಈ ವಿಪಿಎನ್ (ಇಂಟರ್‌ನೆಟ್ ಮೂಲಕ ಮನೆಗೆ ಖಾಸಗಿ ಸುರಂಗ, ಅಂದರೆ ಟನಲ್) 2020ರಲ್ಲಿ ಲಿನಕ್ಸ್ ಕರ್ನಲ್ 5.6ರ ಭಾಗವಾಯಿತು. ಮೂಲದಲ್ಲಿ ಸುಮಾರು ನಾಲ್ಕು ಸಾವಿರ ಸಾಲುಗಳ ಕೋಡ್. ಇಂಥ ಕೆಲಸಕ್ಕೆ ಅದು ತುಂಬಾ ಚಿಕ್ಕದು, ಒಬ್ಬರು ಕೂತು ಓದಿ ಮುಗಿಸಬಹುದಾದಷ್ಟು. ಸರಿಯಾದ ಕೀಲಿ ಇಲ್ಲದೆ ಯಾರು ಬಂದು ತಟ್ಟಿದರೂ ಅದು ಉತ್ತರವನ್ನೇ ಕೊಡುವುದಿಲ್ಲ. ಅಲ್ಲೊಂದು ಸೇವೆ ಇದೆ ಎಂಬುದೇ ಹೊರಗಿನವರಿಗೆ ತಿಳಿಯುವುದಿಲ್ಲ.

ಅಡ್ಡಿ ಬಂದದ್ದು ಇಂಟರ್‌ನೆಟ್ ಸಂಪರ್ಕದಲ್ಲಿ. ರೂಟರಿನ ಹೊರ ವಿಳಾಸ ನೋಡಿದರೆ 100.64ರಿಂದ 100.127ರ ನಡುವಿನದು. ಅಂದರೆ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದ್ದಾರೆ, ಹೊರಗಿನಿಂದ ನಮ್ಮ ಮನೆಗೆ ನೇರ ದಾರಿ ಇಲ್ಲ. ಇಂಥಲ್ಲೂ ಯಂತ್ರಗಳನ್ನು ಜೋಡಿಸಿಕೊಡುವ ಟೇಲ್‌ಸ್ಕೇಲ್ ಎಂಬ ಸೇವೆ ಬಳಸಬಹುದಿತ್ತು, ಸುಲಭವೂ ಹೌದು. ಅದರ ಸಮನ್ವಯ ಸರ್ವರ್ ಸ್ವತಂತ್ರ ತಂತ್ರಾಂಶವಲ್ಲ, ಅದಕ್ಕೆ ಬದಲಿಯಾಗಿ ಹೆಡ್‌ಸ್ಕೇಲ್ ಎಂಬುದನ್ನು ನಾವೇ ನಡೆಸಬಹುದು, ಆದರೆ ಅದಕ್ಕೆ ಹೊರಗೆ ಇನ್ನೊಂದು ಸರ್ವರ್ ಬೇಕು. ಕ್ಲೌಡ್‌ಫ್ಲೇರ್ ಕಂಪನಿಯ ಮೂಲಕ ಹಾದುಬರುವ ಕ್ಲೌಡ್‌ಫ್ಲೇರ್ ಟನಲ್‌ನಲ್ಲಿ ಗೂಢಲಿಪಿ ಅವರ ಬಳಿ ಬಿಚ್ಚಿಕೊಂಡು ಮತ್ತೆ ಕಟ್ಟಿಕೊಳ್ಳುತ್ತದೆ. ಜಮೀನಿನ ಕಾಗದಕ್ಕೆ ಅದು ನನಗೆ ಬೇಡವಾಗಿತ್ತು.

ಉತ್ತರ ಇಂಟರ್‌ನೆಟ್ ವಿಳಾಸಗಳ ಹೊಸ ಕ್ರಮವಾದ ಐಪಿವಿ6ನಲ್ಲಿ ಸಿಕ್ಕಿತು. ನಮ್ಮ ದೇಶದಲ್ಲಿ ಐಪಿವಿ6 ಚೆನ್ನಾಗಿ ಹರಡಿದೆ, ಮೊಬೈಲ್ ಜಾಲಗಳಲ್ಲಂತೂ ಸಾಮಾನ್ಯ. ಮನೆಯ ಸಂಪರ್ಕಕ್ಕೂ ಅದು ಬಂದಿತ್ತು. ಐಪಿವಿ6ನಲ್ಲಿ ಲ್ಯಾಪ್‌ಟಾಪಿಗೆ ಅದರದ್ದೇ ಸಾರ್ವಜನಿಕ ವಿಳಾಸ. ರೂಟರಿನ ಫೈರ್‌ವಾಲ್‌ನಲ್ಲಿ ಆ ವಿಳಾಸಕ್ಕೆ ಒಂದೇ ಒಂದು ಯುಡಿಪಿ ಪೋರ್ಟ್ ಬಿಟ್ಟೆ, 51820. ವಿಳಾಸದ ಮೊದಲ ಭಾಗ ಆಗಾಗ ಬದಲಾಗುತ್ತದೆ. ಅದಕ್ಕೆ ಬರ್ಲಿನ್‌ನ ಡಿಸೆಕ್ ಎಂಬ ಲಾಭರಹಿತ ಸಂಸ್ಥೆಯ ಉಚಿತ ಡಿಎನ್‌ಎಸ್ ಸೇವೆ (ಹೆಸರು ಕೊಟ್ಟರೆ ವಿಳಾಸ ಹೇಳುವಂಥದ್ದು) ಬಳಸಿದೆ. ಬದಲಾದಾಗ ಲ್ಯಾಪ್‌ಟಾಪ್ ತಾನೇ ಹೋಗಿ ಹೊಸ ವಿಳಾಸ ಬರೆಯುತ್ತದೆ. ವೈರ್‌ಗಾರ್ಡ್ ಆ ಹೆಸರಿನ ವಿಳಾಸವನ್ನು ಶುರುವಿನಲ್ಲಿ ಒಮ್ಮೆ ಮಾತ್ರ ಹುಡುಕುತ್ತದೆ, ಹಾಗಾಗಿ ವಿಳಾಸ ಬದಲಾದರೆ ಫೋನಿನಲ್ಲಿ ಟನಲ್ ಆಫ್ ಮಾಡಿ ಆನ್ ಮಾಡಬೇಕು. ಐಪಿವಿ6 ಇಲ್ಲದ ವೈಫೈನಲ್ಲಿ ಕೂತರೆ ಸಿಗುವುದಿಲ್ಲ, ಮೊಬೈಲ್ ಡೇಟಾಗೆ ಬರಬೇಕು. ಅಕ್ಕನಿಗೂ ತಮ್ಮನಿಗೂ ಇವೆರಡನ್ನು ಹೇಳಿಕೊಟ್ಟೆ, ಅವರಿಗೆ ಕಷ್ಟವಾಗಿಲ್ಲ.

ಟನಲ್ ಒಳಗೂ ಎಚ್‌ಟಿಟಿಪಿಎಸ್ ಇಟ್ಟೆ, ಮನೆಯ ವೈಫೈಗೂ ಅದೇ ದಾರಿ ಆಗುತ್ತದೆ ಎಂದು. ಅದಕ್ಕೆ ಬೇಕಾದ, ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಕೊಡುವ ಪ್ರಮಾಣಪತ್ರಕ್ಕೆ ಪೋರ್ಟ್ ತೆರೆಯಬೇಕಿಲ್ಲ, ಡಿಎನ್‌ಎಸ್‌ನಲ್ಲಿ ಒಂದು ದಾಖಲೆ ತೋರಿಸಿದರೂ ಕೊಡುತ್ತಾರೆ. ಆದರೆ ಅವರು ಕೊಡುವ ಪ್ರತಿ ಪ್ರಮಾಣಪತ್ರದ ಹೆಸರೂ ಸಾರ್ವಜನಿಕ ಲಾಗ್‌ಗೆ ಸೇರುತ್ತದೆ. ಪೇಪರ್‌ಲೆಸ್ ಎಂಬ ಹೆಸರಿಗೇ ಪ್ರಮಾಣಪತ್ರ ತೆಗೆದರೆ ನಮ್ಮಲ್ಲಿ ಏನಿದೆ ಎಂದು ಊರಿಗೆಲ್ಲ ಸಾರಿದಂತೆ. ಹಾಗಾಗಿ ಒಳಗಿನ ಹೆಸರು ತೋರಿಸದೆ ಎಲ್ಲ ಉಪಹೆಸರುಗಳಿಗೂ ಆಗುವ ವೈಲ್ಡ್‌ಕಾರ್ಡ್ ಪ್ರಮಾಣಪತ್ರ ತೆಗೆದುಕೊಂಡೆ.

ಎಲ್ಲ ಮುಗಿದ ಮೇಲೆ ಇನ್ನೊಂದು ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟಿಗೆ ಸೇರಿಸಿ, ತೆರೆದ ಪೋರ್ಟ್ ಹುಡುಕುವ ಎನ್‌ಮ್ಯಾಪ್‌ನಿಂದ ಮನೆಯ ಐಪಿವಿ6 ವಿಳಾಸವನ್ನು ಪೂರ್ತಿ ತಡಕಿದೆ. ಟಿಸಿಪಿಯಲ್ಲಿ ತೆರೆದ ಪೋರ್ಟ್ ಒಂದೂ ಕಾಣಲಿಲ್ಲ. ರೂಟರ್ ಫರ್ಮ್‌ವೇರ್ ಬದಲಾದಾಗಲೆಲ್ಲ ಇದನ್ನು ಮತ್ತೆ ಮಾಡುತ್ತೇನೆ.

ಬ್ಯಾಕಪ್‌ಗೆ ರೆಸ್ಟಿಕ್. ರಾತ್ರಿ ಮೊದಲು ಪೇಪರ್‌ಲೆಸ್‌ನ ಎಕ್ಸ್‌ಪೋರ್ಟರ್ ಓಡುತ್ತದೆ, ಆಮೇಲೆ ರೆಸ್ಟಿಕ್ ಅದನ್ನು ಗೂಢಲಿಪಿಯಲ್ಲಿ ಎರಡು ಕಡೆ ಬರೆಯುತ್ತದೆ: ಮನೆಯ ಯುಎಸ್‌ಬಿ ಡಿಸ್ಕಿಗೆ, ಬೆಂಗಳೂರಿನ ತಮ್ಮನ ಮನೆಯ ಯಂತ್ರಕ್ಕೆ. ತಮ್ಮನ ಕಡೆ ಸರ್ವರನ್ನು 'ಸೇರಿಸಬಹುದು, ಅಳಿಸಲಾಗದು' ಎಂಬ ವಿಧಾನದಲ್ಲಿ ಇಟ್ಟಿದ್ದೇವೆ. ನಮ್ಮ ಲ್ಯಾಪ್‌ಟಾಪಿಗೆ ಯಾರಾದರೂ ನುಗ್ಗಿ ಎಲ್ಲ ಅಳಿಸಲು ನೋಡಿದರೂ ಅಲ್ಲಿನ ಹಳೆಯ ಪ್ರತಿಗಳನ್ನು ಮುಟ್ಟಲಾಗದು. ಹಳತನ್ನು ತೆಗೆಯುವ ಕೆಲಸ ನಾನು ಬೆಂಗಳೂರಿಗೆ ಹೋದಾಗ ಆ ಯಂತ್ರದ ಮುಂದೆಯೇ ಕೂತು ಮಾಡುತ್ತೇನೆ.

ಬ್ಯಾಕಪ್ ಇದೆ ಎಂದರೆ ಸಾಲದು, ಅದರಿಂದ ಎಲ್ಲವನ್ನೂ ಮತ್ತೆ ಕಟ್ಟಬೇಕು. ಬೇರೊಂದು ಲ್ಯಾಪ್‌ಟಾಪಿನಲ್ಲಿ ಖಾಲಿ ಡೆಬಿಯನ್ ಹಾಕಿ, ನನ್ನ ಯಾವ ಫೈಲನ್ನೂ ನೋಡದೆ, ಒಂದು ಹಾಳೆಯ ಸೂಚನೆ ಮತ್ತು ಪಾಸ್‌ಫ್ರೇಸ್ ಇಟ್ಟುಕೊಂಡು ಮಾಡಿ ನೋಡಿದೆ. ಆ ಹಾಳೆ ಕನ್ನಡದಲ್ಲಿದೆ. ನಂತರ ತಮ್ಮನಿಗೆ ಕೊಟ್ಟು, ನಾನು ಬಾಯಿ ಬಿಡದೆ ಪಕ್ಕದಲ್ಲಿ ಕೂತು ಅವನಿಂದ ಮಾಡಿಸಿದೆ. ಅವನು ನಿಂತು ಯೋಚಿಸಿದ ಜಾಗಗಳಲ್ಲೆಲ್ಲ ಸೂಚನೆಯನ್ನು ಬಿಡಿಸಿ ಬರೆದೆ. ಅದರ ಒಂದು ಪ್ರತಿ ಬ್ಯಾಂಕ್ ಲಾಕರಿನಲ್ಲಿ ಮೂಲ ಕ್ರಯಪತ್ರಗಳ ಜೊತೆ ಇದೆ. ನಾನು ಇಲ್ಲದಾಗಲೂ ಮನೆಯವರಿಗೆ ಕಾಗದ ಸಿಗಬೇಕು. ಅದು ಆಗದಿದ್ದರೆ ಇಷ್ಟೆಲ್ಲ ಮಾಡಿದ್ದಕ್ಕೆ ಅರ್ಥವಿಲ್ಲ.

ಅಪ್‌ಡೇಟ್ ವಿಷಯದಲ್ಲಿ ಡೆಬಿಯನ್ ತಾನಾಗಿ ಆಗುತ್ತದೆ, ಪೇಪರ್‌ಲೆಸ್ ಮಾತ್ರ ಕೈಯಿಂದ. ಆವೃತ್ತಿಯ ನಂಬರ್ ನಮೂದಿಸಿ ಇಟ್ಟಿದ್ದೇನೆ. ಹೊಸದು ಬಂದ ಸೂಚನೆ ಇಮೇಲಿಗೆ ಬರುತ್ತದೆ, ಏನು ಬದಲಾಗಿದೆ ಎಂದು ಓದಿ, ಬ್ಯಾಕಪ್ ನೋಡಿಕೊಂಡು, ಆಮೇಲೆ ಹಾಕುತ್ತೇನೆ. ಸುರಕ್ಷತಾ ದೋಷದ ಮಾತಿದ್ದರೆ ಅವತ್ತೇ. ಮನೆಯ ಸರ್ವರನ್ನು ಯಾರು ನೋಡುತ್ತಾರೆ ಎನ್ನುವವರಿಗೆ ನಾನು ಲಾಸ್ಟ್‌ಪಾಸ್ ಪ್ರಕರಣ ಹೇಳುತ್ತೇನೆ. 2022ರಲ್ಲಿ ಆ ಪಾಸ್‌ವರ್ಡ್ ಕಂಪನಿಯ ಗ್ರಾಹಕರ ಕಡತಗಳ ಬ್ಯಾಕಪ್ ಕಳುವಾಯಿತು. ದಾಳಿಕೋರರು ಹೊಕ್ಕ ದಾರಿಗಳಲ್ಲೊಂದು ಅಲ್ಲಿನ ಒಬ್ಬ ಇಂಜಿನಿಯರ್‌ನ ಮನೆಯ ಕಂಪ್ಯೂಟರ್. ಅದರಲ್ಲಿದ್ದ ಪ್ಲೆಕ್ಸ್ ಎಂಬ ಮೀಡಿಯಾ ಸರ್ವರ್ ಹಳೆಯದಾಗಿತ್ತು. ಆ ದೋಷಕ್ಕೆ ಪರಿಹಾರ 2020ರಲ್ಲೇ ಬಂದಿತ್ತು.

ಇದೇ ಕಾರಣಕ್ಕೆ ಆ ಲ್ಯಾಪ್‌ಟಾಪಿನಲ್ಲಿ ಬೇರೇನೂ ಇಲ್ಲ. ಸಿನಿಮಾ ಸರ್ವರ್, ಡ್ಯಾಶ್‌ಬೋರ್ಡ್, ಡಾಕರ್ ನೋಡಿಕೊಳ್ಳುವ ವೆಬ್ ಪುಟ ಇವೆಲ್ಲ ಹಾಕುವ ಆಸೆ ಯಾರಿಗೂ ಆಗುತ್ತದೆ. ಒಂದೊಂದೂ ನೋಡಿಕೊಳ್ಳಬೇಕಾದ ಇನ್ನೊಂದು ಜೀವ. ತಮ್ಮ ಈಗ ಫೋಟೋಗಳಿಗೆ ಇಮಿಚ್ ಹಾಕೋಣ ಎನ್ನುತ್ತಿದ್ದಾನೆ. ಅದರ ಲೈಸೆನ್ಸ್ ಎಜಿಪಿಎಲ್, ಕೆಲಸ ಚುರುಕಾಗಿ ನಡೆಯುತ್ತಿದೆ. ಇಷ್ಟು ಕಾಲ ನಾನು ಬೇಡ ಎಂದಿದ್ದೆ, ಏಕೆಂದರೆ ಇನ್ನೂ ಬದಲಾಗುತ್ತಲೇ ಇದೆ, ಫೋಟೋ ಇಡಲು ಇದೊಂದನ್ನೇ ನಂಬಬೇಡಿ ಎಂದು ಅವರೇ ಬರೆದಿದ್ದರು. 2025ರ ಅಕ್ಟೋಬರಿನಲ್ಲಿ 2.0 ಬಂತು, ಅದನ್ನು ಸ್ಥಿರ ಆವೃತ್ತಿ ಎಂದು ಘೋಷಿಸಿದರು. ಈಗ ತಮ್ಮನ ಯಂತ್ರದಲ್ಲಿ ಪರೀಕ್ಷೆಗೆ ಹಾಕಿದ್ದೇವೆ, ಪೋರ್ಟ್ ಮುಂದೆ 127.0.0.1 ಸೇರಿಸಿ. ಫೋಟೋಗಳ ಮೂಲ ಪ್ರತಿಗಳು ಸದ್ಯಕ್ಕೆ ಹಳೆಯ ಡಿಸ್ಕಿನಲ್ಲೇ ಇವೆ. ಬ್ಯಾಕಪ್ಪಿನಿಂದ ಎಲ್ಲವನ್ನೂ ಮತ್ತೆ ಕಟ್ಟಿ ನೋಡುವ ತನಕ ಅಲ್ಲೇ ಇರುತ್ತವೆ.